ಅಕ್ಷಾಂಶ ಮೊದಲೋ, ರೇಖಾಂಶ ಮೊದಲೋ?

ಉಪಗ್ರಹ ಚಿತ್ರಗಳನ್ನು ಬಿಟ್ಟರೆ, ಜಾಲನಕ್ಷೆಗೆ ಬೇಕಾಗುವ ಭೌಗೋಳಿಕ ದತ್ತಾಂಶವು ಬಹುಮಟ್ಟಿಗೆ ಬಿಂದು, ಗೆರೆ, ಬಹುಭುಜ ಎಂಬ ಮೂರು ಆಕಾರಗಳಲ್ಲಿ ಅಡಕವಾಗುತ್ತದೆ: ಬಾವಿಯೊಂದು ಬಿಂದು, ರಸ್ತೆಯೊಂದು ಗೆರೆ, ತಾಲೂಕಿನ ವ್ಯಾಪ್ತಿ ಬಹುಭುಜ. ಇವುಗಳನ್ನು ಬರೆದಿಡುವ ಹಳೆಯ ರೂಢಿಯಾದ ಶೇಪ್‌ಫೈಲ್ ಹೆಸರಿಗೆ ಒಂದೇ ಆದರೂ ಆಕಾರ, ಸೂಚಿ, ಕೋಷ್ಟಕಗಳೆಂಬ ಕನಿಷ್ಠ ಮೂರು ಕಡತಗಳ ಗುಂಪಾಗಿದ್ದು, ಅದರ ಕೋಷ್ಟಕದ ಅಂಕಣಗಳ ಹೆಸರು ಹತ್ತು ಬೈಟ್‌ಗಳನ್ನು ಮೀರುವಂತಿಲ್ಲ. ಯೂಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತ ಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ, 'ತಾಲೂಕು' ಎಂಬ ಪುಟ್ಟ ಶೀರ್ಷಿಕೆಗೂ ಅಲ್ಲಿ ಜಾಗವಿಲ್ಲ! ಬ್ರೌಸರ್ ನೇರವಾಗಿ ಓದಬಲ್ಲ, ಸರಳ ಪಠ್ಯರೂಪದ ಜಿಯೋಜೇಸನ್‌ಗೆ ಈ ತೊಡಕಿಲ್ಲ.

ಹೊಸಬರು ಬಹಳವಾಗಿ ಎಡವುವುದು ನಿರ್ದೇಶಾಂಕಗಳ ಕ್ರಮದಲ್ಲಿ. ಅಕ್ಷಾಂಶವನ್ನು ಮೊದಲು ಹೇಳುವುದು ವಾಡಿಕೆಯಾದರೂ, 2016ರಲ್ಲಿ ಪ್ರಕಟವಾದ ಜಿಯೋಜೇಸನ್ ಮಾನಕವು, ಗಣಿತದ ಅಡ್ಡ ಅಕ್ಷ ಮೊದಲು ಬರುವಂತೆಯೇ, ರೇಖಾಂಶವನ್ನು ಮುಂದಿಡುತ್ತದೆ. ಅದೇ ಕಡತವನ್ನು ತೋರಿಸುವ ಲೀಫ್‌ಲೆಟ್ ಎಂಬ ಜನಪ್ರಿಯ ತಂತ್ರಾಂಶವಾದರೋ, ಬಿಂದುವೊಂದನ್ನು ಕೈಯಾರೆ ಬರೆದುಕೊಟ್ಟಾಗ ಅಕ್ಷಾಂಶವನ್ನೇ ಮೊದಲು ನಿರೀಕ್ಷಿಸುತ್ತದೆ. ಬೆಂಗಳೂರಿನ ರೇಖಾಂಶ 77.59, ಅಕ್ಷಾಂಶ 12.97. ಇವೆರಡೂ ಅದಲುಬದಲಾದರೆ ಊರು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಡುವಣ ಕಡಲಿನಲ್ಲಿ, ಉತ್ತರ ಧ್ರುವವೃತ್ತದಿಂದಲೂ ಬಹಳ ಮೇಲೆ, ಹೋಗಿ ಕೂರುತ್ತದೆ. ಇಡೀ ರಾಜ್ಯದ ಗಡಿಯಲ್ಲಿ ಈ ತಪ್ಪಾದರೆ ಕರ್ನಾಟಕವೂ ಅತ್ತಲೇ ಸಾಗುವುದಲ್ಲದೆ, ಮೂಡಣವು ಬಡಗಣವಾಗಿ, ಬಡಗಣವು ಮೂಡಣವಾಗಿ ಅದರ ಆಕಾರವೂ ಮಗುಚುತ್ತದೆ.

ಗಣಕವೇಕೆ ಎಚ್ಚರಿಸುವುದಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಅಕ್ಷಾಂಶದ ಮಿತಿ 90 ಡಿಗ್ರಿಯಾದ್ದರಿಂದ, 139ರ ಆಸುಪಾಸಿನ ರೇಖಾಂಶವುಳ್ಳ ಟೋಕಿಯೋ ತಲೆಕೆಳಗಾದರೆ ಅದು ಅಸಂಭವವೆಂದು ಪರೀಕ್ಷೆಯೊಂದರಿಂದ ಗೊತ್ತಾಗುತ್ತದೆ. 91ನ್ನು ದಾಟಿದ ಗುವಾಹಟಿಯೂ ಅಷ್ಟೆ. ಕರ್ನಾಟಕದ ರೇಖಾಂಶಗಳು ಸುಮಾರು 74ರಿಂದ 78.5ರ ನಡುವೆ ಬರುವುದರಿಂದ, ಅವು ಅಕ್ಷಾಂಶಗಳಾಗಿಯೂ ಸಲ್ಲುತ್ತವೆ. ಆದುದರಿಂದ ಕಡತದ ಮೊದಲ ಜೋಡಿಯನ್ನು ಕಣ್ಣಾರೆ ಓದಿನೋಡುವುದೇ ಇಲ್ಲಿಯ ಪರೀಕ್ಷೆ.

ಅಲ್ಲಿ ಡಿಗ್ರಿಗಳ ಬದಲು ಲಕ್ಷಗಟ್ಟಲೆ ಬೆಲೆಯ ಸಂಖ್ಯೆಗಳು ಕಂಡರೆ ತೊಂದರೆ ಬೇರೆ: ಅವು ಬಹುಶಃ ಮೀಟರುಗಳು, ಅಂದರೆ ದುಂಡಗಿನ ಭೂಮಿಯನ್ನು ಸಮತಲಕ್ಕಿಳಿಸುವ ಪ್ರಕ್ಷೇಪಣವೆಂಬ ಲೆಕ್ಕಾಚಾರಕ್ಕೆ ಒಳಗಾದ ಅಂಕಿಗಳು. ಯಾವ ಪ್ರಕ್ಷೇಪಣವೆಂಬುದನ್ನು ಶೇಪ್‌ಫೈಲ್‌ನ ಜೊತೆಗಿರುವ ಪಿಆರ್‌ಜೆ ಕಡತ ತಿಳಿಸುತ್ತದೆ. ಅದನ್ನು ಅನಗತ್ಯವೆಂದು ಅಳಿಸಿ ಕಳುಹಿಸುವವರು ಪಡೆದವರನ್ನು ಊಹೆಯ ಪಾಲಾಗಿಸುತ್ತಾರೆ. ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಆ ಮೀಟರುಗಳನ್ನು ಜಿಯೋಜೇಸನ್ ಬಯಸುವ ಡಬ್ಲ್ಯೂಜಿಎಸ್ 84 ಪದ್ಧತಿಯ ಡಿಗ್ರಿಗಳಿಗೆ ಪರಿವರ್ತಿಸಬಹುದು. ದಶಮಾಂಶದ ಬಳಿಕ ಐದು ಅಂಕಿಗಳಿದ್ದರೆ ಸುಮಾರು ಒಂದು ಮೀಟರಿನ ನಿಖರತೆ ದೊರೆಯುವುದರಿಂದ, ಹದಿನೈದು ಅಂಕಿಗಳನ್ನು ಹೊತ್ತು ಕಡತವನ್ನು ಉಬ್ಬಿಸುವುದು ವ್ಯರ್ಥ. ಇಷ್ಟಾದ ಮೇಲೂ, ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಹಾಳೆಗಳಿಂದ ಎತ್ತಿಕೊಂಡ ಗಡಿಗಳು ಜಾಲನಕ್ಷೆಯಲ್ಲಿ ತುಸು ಸರಿದು ಕೂರುವುದುಂಟು: ಆ ಹಾಳೆಗಳು ಭೂಮಿಯ ಆಕಾರವನ್ನು ಎವರೆಸ್ಟ್ ದೀರ್ಘವೃತ್ತಜದಿಂದ ಅಳೆದವು, ಡಬ್ಲ್ಯೂಜಿಎಸ್ 84 ಬೇರೊಂದರಿಂದ ಅಳೆಯುತ್ತದೆ. ಆಸಕ್ತರು ಮುಂದೆ ಕಲಿಯಬೇಕಾದುದು ಈ ಆಧಾರಮಾನಗಳ ವಿಷಯವನ್ನೇ.