ರಂಗಮಂದಿರಕ್ಕೆ ಹೆಸರಿಟ್ಟ ಮೇಲೆ

ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಯಮಕನಮರಡಿಯಿಂದ ದಕ್ಷಿಣಕ್ಕೆ ಹೊರಟರೆ ಬೆಳಗಾವಿ, ಉತ್ತರಕ್ಕೆ ಹೊರಟರೆ ಕೊಲ್ಲಾಪುರ. ಎರಡೂ ಊರುಗಳಲ್ಲಿ ಕಲಾವಿದರ ಹೆಸರು ಹೊತ್ತ ರಂಗಮಂದಿರಗಳಿವೆ. ಬೆಳಗಾವಿಯದು ಕುಮಾರ ಗಂಧರ್ವ ಕಲಾಮಂದಿರ, ಕೊಲ್ಲಾಪುರದ್ದು ಕೇಶವರಾವ್ ಭೋಸಲೆ ನಾಟ್ಯಗೃಹ. ಒಬ್ಬರು ಹಿಂದುಸ್ತಾನಿ ಗಾಯಕರು, ಇನ್ನೊಬ್ಬರು ಹಾಡುತ್ತ ನಟಿಸುತ್ತ ನಾಟಕ ಮಂಡಳಿಯನ್ನೇ ಮುನ್ನಡೆಸಿದವರು. ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ರಸಿಕರಿಗೆ ಈ ಎರಡೂ ಊರುಗಳು ಹೊರಗಿನವಲ್ಲ. ಆದರೆ ಇಂಥ ಮಂದಿರಕ್ಕೆ ಹೋಗಿ ಕಾರ್ಯಕ್ರಮ ನೋಡಿ ಬರುವ ಹೊಸ ತಲೆಮಾರಿನ ಎಷ್ಟು ಮಂದಿಗೆ ಆ ಹೆಸರಿನ ಮನುಷ್ಯ ಏನು ಮಾಡಿದ ಎಂಬುದು ಗೊತ್ತಿರುತ್ತದೆ? ಬಾಗಿಲ ಮೇಲೆ ಬರೆದ ಹೆಸರು ದಿನ ಕಳೆದಂತೆ ವಿಳಾಸವಾಗಿಬಿಡುತ್ತದೆ. ಆಟೋದವರಿಗೆ ಹೇಳುವುದಕ್ಕೆ, ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಕ್ಕೆ ಮಾತ್ರ ಅದು ಉಳಿಯುತ್ತದೆ. ಆದ್ದರಿಂದ ಕಲಾವಿದರ ಹೆಸರಿನ ಪ್ರತಿಯೊಂದು ರಂಗಮಂದಿರದಲ್ಲೂ ಆ ಕಟ್ಟಡದ ಚರಿತ್ರೆಯನ್ನೂ ಆ ವ್ಯಕ್ತಿಯ ಸಾಧನೆಯನ್ನೂ ಹೇಳುವ ಕಾಯಂ ಪ್ರದರ್ಶನವೊಂದು ಇರಲೇಬೇಕೆಂಬುದು ನನ್ನ ವಾದ. ಆ ಪ್ರದರ್ಶನ ವ್ಯಕ್ತಿಯನ್ನು ಹೊಗಳುವುದಕ್ಕಿಂತ ಅವರ ಕೆಲಸವನ್ನು ಬಿಡಿಸಿ ತೋರಿಸಬೇಕು ಎಂಬುದು ಆ ವಾದದ ಮುಖ್ಯ ಭಾಗ.

ಹಾರ ಹಾಕಿದ ಭಾವಚಿತ್ರ, ಪ್ರಶಸ್ತಿಗಳ ಪಟ್ಟಿ, ಗಣ್ಯರ ಜೊತೆ ನಿಂತ ನಾಲ್ಕು ಫೋಟೊ: ನಮ್ಮಲ್ಲಿ ಪ್ರದರ್ಶನವೆಂದರೆ ಸಾಮಾನ್ಯವಾಗಿ ಇಷ್ಟೇ. ಇದರಿಂದ ಭಕ್ತಿ ಹುಟ್ಟಬಹುದು, ತಿಳಿವಳಿಕೆ ಹುಟ್ಟುವುದಿಲ್ಲ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವನ್ನು ನೋಡಿ. 1980ರಲ್ಲಿ ತೆರೆದ ಆ ಭವನ ಇಡಿಯಾಗಿ ಏಳು ತಂತಿಯ ಪಿಟೀಲಿನ ಆಕಾರದಲ್ಲಿದೆ. ನೋಡಿದವರೆಲ್ಲ ಬೆರಗಾಗುತ್ತಾರೆ. ಆದರೆ ನಾಲ್ಕು ತಂತಿಯ ವಾದ್ಯಕ್ಕೆ ಟಿ. ಚೌಡಯ್ಯನವರು ಇನ್ನೂ ಮೂರು ತಂತಿ ಸೇರಿಸಿದ್ದು ಯಾಕೆ ಎಂಬುದೇ ನಿಜವಾದ ಕತೆ. ಮೈಕ್ ಇನ್ನೂ ಎಲ್ಲೆಡೆ ಬಾರದ ಕಾಲ. ದೊಡ್ಡ ಸಭೆಯಲ್ಲಿ, ಘನವಾದ ಕಂಠದ ಗಾಯಕರ ಪಕ್ಕದಲ್ಲಿ ಕೂತು ನುಡಿಸುವ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ತಂತಿ ಹೆಚ್ಚಿಸಿದರೆ ನಾದ ತುಂಬಿಕೊಳ್ಳುತ್ತದೆ ಎಂದು ಅವರು ಆ ಪ್ರಯೋಗಕ್ಕೆ ಕೈಹಾಕಿದರು. ಈ ಕಾರಣ ತಿಳಿದ ಮೇಲೆ ಕಟ್ಟಡದ ಆಕಾರಕ್ಕೂ ಅರ್ಥ ಬರುತ್ತದೆ, ಒಬ್ಬ ಕಲಾವಿದ ತನ್ನ ಕಾಲದ ತೊಡಕನ್ನು ಹೇಗೆ ಬಿಡಿಸಿಕೊಂಡ ಎಂಬುದೂ ಕಾಣುತ್ತದೆ. ಎರಡು ಪಿಟೀಲುಗಳನ್ನು ಪಕ್ಕಪಕ್ಕ ಇಟ್ಟು ಎರಡರ ನಾದವನ್ನೂ ಕೇಳಿಸಿದರೆ ಶಾಲೆಯ ಮಕ್ಕಳಿಗೂ ಇದು ಕ್ಷಣದಲ್ಲಿ ತಿಳಿದೀತು.

ಬೆಳಗಾವಿಯ ಮಂದಿರಕ್ಕೆ ಹೆಸರು ಕೊಟ್ಟವರ ಬದುಕಿನಲ್ಲಂತೂ ಬಿಡಿಸಿ ತೋರಿಸಬೇಕಾದದ್ದು ರಾಶಿಯಾಗಿದೆ. ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಹಿರಿಯ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ ಆ ಹುಡುಗನಿಗೆ ಮಠದ ಸ್ವಾಮಿಗಳು ಕೊಟ್ಟ ಬಿರುದು ‘ಕುಮಾರ ಗಂಧರ್ವ’. ಮುಂದೆ ಅದೇ ಅವರ ಹೆಸರಾಯಿತು. ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತರು. 1947ರಲ್ಲಿ ಭಾನುಮತಿಯವರನ್ನು ಮದುವೆಯಾದರು. ಅಷ್ಟರಲ್ಲೇ ಕ್ಷಯ ಹಿಡಿಯಿತು. ಒಣಹವೆ ಬೇಕೆಂದು 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು, ಹಾಡಬಾರದು ಎಂದು ವೈದ್ಯರು ತಡೆದರು. ಸ್ಟ್ರೆಪ್ಟೊಮೈಸಿನ್ ಔಷಧ ಬಂದ ಮೇಲೆ ಚೇತರಿಸಿಕೊಂಡು 1953ರ ಸುಮಾರಿಗೆ ಮತ್ತೆ ವೇದಿಕೆ ಏರಿದರು. ಹಾಡದೆ ಕಳೆದ ಆ ವರ್ಷಗಳಲ್ಲಿ ಅವರು ಮಾಳವದ ಹೆಂಗಸರು ಹಾಡುವ ಜನಪದ ಹಾಡುಗಳಿಗೆ, ನಾಥಪಂಥದ ಜೋಗಿಗಳ ನಿರ್ಗುಣಿ ಭಜನೆಗಳಿಗೆ ಕಿವಿಗೊಟ್ಟರು. ರಾಗಗಳ ಬೇರು ಹಳ್ಳಿಯ ಧುನ್‌ಗಳಲ್ಲಿದೆ ಎಂಬ ಅವರ ನಂಬಿಕೆ ಗಟ್ಟಿಯಾದದ್ದು ಅಲ್ಲಿಯೇ. ಅದರಿಂದಲೇ ಹೊಸ ರಾಗಗಳು ಹುಟ್ಟಿದವು, ಬಂದಿಶ್‌ಗಳ ಸಂಗ್ರಹವಾದ ‘ಅನೂಪರಾಗವಿಲಾಸ’ ಬಂದಿತು, ಕಬೀರನ ಪದಗಳಿಗೆ ಶಾಸ್ತ್ರೀಯ ವೇದಿಕೆಯ ಮೇಲೆ ಹೊಸ ಜಾಗ ಸಿಕ್ಕಿತು. 1990ರಲ್ಲಿ ಪದ್ಮವಿಭೂಷಣ ಸಂದದ್ದು ಸರಿಯೇ. ಆದರೆ ಪ್ರದರ್ಶನದ ನಡುಮನೆಯಲ್ಲಿ ಇರಬೇಕಾದದ್ದು ಪದಕವಲ್ಲ, ಹುಡುಗನ ಕಾಲದ ಮುದ್ರಿಕೆಯೂ ಕಾಯಿಲೆಯ ನಂತರದ ಗಾಯನವೂ ಒಂದರ ಪಕ್ಕ ಒಂದು. ಎರಡನ್ನೂ ಕೇಳಿದವರಿಗೆ ಅನುಕರಣೆಯಿಂದ ಸ್ವಂತಿಕೆಗೆ ಸಾಗಿದ ದಾರಿ ಎಷ್ಟು ದೂರದ್ದು ಎಂದು ಯಾರೂ ಹೇಳಿಕೊಡಬೇಕಿಲ್ಲ. ಅವರ ಚಿಕ್ಕಚಿಕ್ಕ ಸ್ವರಗುಚ್ಛಗಳು ಉಸಿರಿನ ಕೊರತೆಯಿಂದ ಬಂದವೋ, ಬೇಕೆಂದೇ ಆರಿಸಿಕೊಂಡವೋ ಎಂಬ ಚರ್ಚೆ ಇಂದಿಗೂ ಇದೆ. ಘರಾನೆಯ ಚೌಕಟ್ಟನ್ನು ಮೀರಿದರೆಂದು ಆಕ್ಷೇಪಿಸಿದವರೂ ಇದ್ದರು. ಈ ಜಗಳವನ್ನೂ ಮುಚ್ಚಿಡದೆ ಇಟ್ಟರೆ ಕೇಳುಗ ತನ್ನ ಕಿವಿಯಿಂದಲೇ ತೀರ್ಮಾನಿಸುವಂತಾಗುತ್ತದೆ.

ಕೊಲ್ಲಾಪುರದ ಕತೆಯಲ್ಲಿ ಕಟ್ಟಡಕ್ಕೂ ಮನುಷ್ಯನಿಗೂ ಸಮನಾದ ತೂಕ. ಆ ರಂಗಮಂದಿರವನ್ನು 1915ರ ಹೊತ್ತಿಗೆ ಕಟ್ಟಿಸಿದವರು ಶಾಹೂ ಮಹಾರಾಜರು. ಅದರ ಮೊದಲ ಹೆಸರು ಪ್ಯಾಲೇಸ್ ಥಿಯೇಟರ್. ಬೆನ್ನಿಗೇ ಖಾಸಬಾಗ ಕುಸ್ತಿ ಮೈದಾನ. ರಾಜಾಶ್ರಯವೆಂದರೆ ಗರಡಿಗೂ ರಂಗಕ್ಕೂ ಒಂದೇ ಅಂಗಳ ಎಂಬುದನ್ನು ಆ ಜಾಗವೇ ಹೇಳುತ್ತದೆ. ಮುಂದೆ ಅರಮನೆಯ ಹೆಸರು ಹೋಗಿ ನಟನ ಹೆಸರು ಬಂದಿತು. 1890ರಲ್ಲಿ ಹುಟ್ಟಿದ ಕೇಶವರಾವ್ ಭೋಸಲೆ ‘ಲಲಿತಕಲಾದರ್ಶ’ ಎಂಬ ಮರಾಠಿ ಸಂಗೀತ ನಾಟಕ ಮಂಡಳಿಯನ್ನು ಕಟ್ಟಿದ್ದು 1908ರಲ್ಲಿ, ಅದೂ ನಮ್ಮ ಹುಬ್ಬಳ್ಳಿಯಲ್ಲಿ. ಆಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. 1921ರಲ್ಲಿ ತಿಲಕ್ ಸ್ವರಾಜ್ಯ ನಿಧಿಗಾಗಿ ಮುಂಬೈಯಲ್ಲಿ ತಮ್ಮ ಪ್ರತಿಸ್ಪರ್ಧಿ ಬಾಲಗಂಧರ್ವರ ಜೊತೆಗೆ ‘ಮಾನಾಪಮಾನ’ ನಾಟಕದಲ್ಲಿ ಒಂದೇ ರಂಗದ ಮೇಲೆ ನಿಂತರು. ಅದೇ ವರ್ಷ ತೀರಿಕೊಂಡರು. ಅವರ ಹೆಸರಿನ ಆ ನಾಟ್ಯಗೃಹ 2024ರ ಆಗಸ್ಟ್ 8ರ ರಾತ್ರಿ, ಅವರ ಜನ್ಮದಿನದ ಮುನ್ನಾದಿನ, ಬೆಂಕಿಗೆ ಆಹುತಿಯಾಯಿತು. ನೂರು ವರ್ಷ ದಾಟಿದ ಮರದ ಕೆಲಸ ಕೆಲವೇ ಗಂಟೆಗಳಲ್ಲಿ ಬೂದಿಯಾದಾಗ ಕಲಾವಿದರು ರಸ್ತೆಯಲ್ಲಿ ನಿಂತು ಅತ್ತರು. ಸರ್ಕಾರ ಮರುನಿರ್ಮಾಣಕ್ಕೆ ಮುಂದಾಯಿತು. ಗೋಡೆ ಮತ್ತೆ ಎದ್ದೀತು. ಆದರೆ ಒಂದು ರಂಗಮಂದಿರದ ನೆನಪೆಲ್ಲ ಅದರ ಗೋಡೆ, ಪರದೆ, ಪೆಟ್ಟಿಗೆಗಳಲ್ಲೇ ಇದ್ದರೆ ಒಂದು ಕಿಡಿ ಸಾಕು ಎಂಬ ಪಾಠ ಉಳಿಯಿತು. ಇದಕ್ಕೆ ಎದುರಾಗಿ ಅದೇ ಲಲಿತಕಲಾದರ್ಶದ ಇನ್ನೊಂದು ಉದಾಹರಣೆಯಿದೆ. ಕೇಶವರಾಯರ ನಂತರ ಮಂಡಳಿ ಪೆಂಢಾರಕರ ಮನೆತನದ ಕೈಗೆ ಬಂತು. ಭಾಲಚಂದ್ರ ಪೆಂಢಾರಕರರು ಅನೇಕ ನಾಟಕಗಳನ್ನು ಟೇಪಿನಲ್ಲಿ ಧ್ವನಿಮುದ್ರಿಸಿಟ್ಟರು. ಹೀಗೆ ಮುದ್ರಿಸಿ, ನಕಲು ತೆಗೆದು, ಬೇರೆ ಬೇರೆ ಕಡೆ ಇಟ್ಟದ್ದು ಒಂದು ಸೂರು ಉರಿದರೂ ಉಳಿಯುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಷ್ಟೋ ರಂಗಮಂದಿರಗಳಲ್ಲಿ ಬಣ್ಣದ ಕೋಣೆಗೆ ನೀರಿಲ್ಲ, ಶೌಚಾಲಯ ಸರಿಯಿಲ್ಲ, ಬಾಡಿಗೆ ಹವ್ಯಾಸಿ ತಂಡಗಳಿಗೆ ಎಟುಕುವುದಿಲ್ಲ. ಹೀಗಿರುವಾಗ ಪ್ರದರ್ಶನಕ್ಕೆ ಹಣ ಸುರಿಯಬೇಕೇ ಎಂದು ಕೇಳುತ್ತಾರೆ. ವೈರಿಂಗ್, ಬೆಳಕು, ನೀರು ಮೊದಲು ಎಂಬುದನ್ನು ಒಪ್ಪುತ್ತೇನೆ. ಆದರೆ ನಾನು ಹೇಳುತ್ತಿರುವುದು ಅಮೃತಶಿಲೆಯ ಗ್ಯಾಲರಿಯ ಮಾತಲ್ಲ. ನಾಟಕ ಶುರುವಾಗುವ ಮುಂಚೆ ಪ್ರೇಕ್ಷಕರು ಕಾಯುವ ಹಜಾರ ಹೇಗೂ ಇದೆ. ಅಲ್ಲಿ ಒಳ್ಳೆಯ ಮುದ್ರಣದ ಹತ್ತು ಹಲಗೆ, ಕಿವಿಗಿಟ್ಟುಕೊಂಡು ಕೇಳುವ ಎರಡು ಸಾಧನ, ಹಳೆಯ ಹ್ಯಾಂಡ್‌ಬಿಲ್ಲುಗಳ ಪ್ರತಿ, ಒಂದು ಕಾಲುಪೆಟ್ಟಿಗೆ, ಸೀನರಿ ಬರೆದ ಒಂದು ಪರದೆ ಇದ್ದರೆ ಸಾಕು. ಖರ್ಚಿಗಿಂತ ಹೆಚ್ಚಾಗಿ ಬೇಕಾಗುವುದು ಕೂತು ಹುಡುಕುವ, ತಾರೀಖು ತಾಳೆ ನೋಡುವ ಶ್ರದ್ಧೆ. ಅಷ್ಟಲ್ಲದೆ, ತನ್ನ ಚರಿತ್ರೆ ಊರಿಗೆ ಗೊತ್ತಿರುವ ಮಂದಿರದ ಪರವಾಗಿ ದನಿ ಎತ್ತುವವರು ಇರುತ್ತಾರೆ. ಚರಿತ್ರೆ ಗೊತ್ತಿಲ್ಲದ ಮಂದಿರ ಮದುವೆ ಸಭಾಂಗಣವಾದರೂ ಕೇಳುವವರಿರುವುದಿಲ್ಲ.

ಇನ್ನೊಂದು ಆಕ್ಷೇಪ ಕಲೆಯನ್ನು ಬಲ್ಲವರಿಂದಲೇ ಬರುವುದು: ಆಟವೆಂದರೆ ಆಡಿದಾಗ ಮಾತ್ರ ಇರುವುದು, ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು, ಸ್ಮಾರಕದ ಬದಲು ಪ್ರಯೋಗಕ್ಕೆ ಹಣ ಕೊಡಿ. ಇದರಲ್ಲಿ ನಿಜವಿದೆ, ಆದರೆ ಪೂರ್ತಿಯಿಲ್ಲ. ಗೋಕಾಕ–ಮೂಡಲಗಿ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ನಾರದ ತಂದ ಪಾರಿಜಾತ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟದ್ದಕ್ಕೆ ಸತ್ಯಭಾಮೆ ಮುನಿಸಿಕೊಳ್ಳುವ ಪುಟ್ಟ ಕತೆ. ಅದನ್ನು ಬೆಳತನಕ ಹಿಗ್ಗಿಸುವುದು ಭಾಗವತ, ದೂತಿ, ಕೊರವಂಜಿಯರ ಮಾತು ಮತ್ತು ಹಿಮ್ಮೇಳದ ದಾಟಿಗಳು. ಅಪರಾಳ ತಮ್ಮಣ್ಣ ಬರೆದದ್ದನ್ನು ರಂಗಕ್ಕೆ ಒಗ್ಗಿಸಿ ಊರೂರಿಗೆ ಒಯ್ದವನು ಕುಲಗೋಡದ ತಮ್ಮಣ್ಣ. ಕೌಜಲಗಿ ನಿಂಗಮ್ಮ ಆ ಆಟದ ಹೆಸರಾಂತ ಕಲಾವಿದೆ. ಇಲ್ಲಿ ದಾಟಿ ಬಾಯಿಂದ ಬಾಯಿಗೆ ಸಾಗಿದ್ದು. ಹಾಡುವ ಹಿರಿಯ ತೀರಿಕೊಂಡರೆ ಒಂದು ದಾಟಿ ಅವನೊಡನೆಯೇ ಹೋಗುತ್ತದೆ, ಮುಂದೆ ಪ್ರಯೋಗಕ್ಕೆ ಎಷ್ಟು ಹಣ ಕೊಟ್ಟರೂ ಮರಳದು. ಅಂದರೆ ಪ್ರಯೋಗ ನಡೆಯಬೇಕಾದರೂ ದಾಖಲೆ ಬೇಕು. ಕುಮಾರ ಗಂಧರ್ವರು ಮಾಳವದ ಹಾಡುಗಳನ್ನು ಸ್ವರ ಹಾಕಿ ಬರೆದಿಟ್ಟದ್ದು ಪೆಟ್ಟಿಗೆಯಲ್ಲಿ ಮುಚ್ಚಿಡಲಿಕ್ಕಲ್ಲ, ಮತ್ತೆ ಹಾಡಲಿಕ್ಕೆ. ನಮ್ಮದೇ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಬಯಲಾಟಗಳನ್ನು ಅಧ್ಯಯನ ಮಾಡಿದ್ದರ ಫಲ ಅವರ ನಾಟಕಗಳಲ್ಲೇ ಕಾಣುತ್ತದಲ್ಲ. ದಾಖಲೆ ಇಲ್ಲಿ ಹೊಸ ಆಟಕ್ಕೆ ಬಿತ್ತನೆ ಬೀಜವಾಯಿತು.

ಇವರು ಯಾರವರು ಎಂಬ ತಕರಾರು ಗಡಿಭಾಗದಲ್ಲಿ ತಪ್ಪಿದ್ದಲ್ಲ. ಸುಳೇಭಾವಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಕಲಿತು, ದೇವಾಸದಲ್ಲಿ ತೀರಿಕೊಂಡ ಕುಮಾರರನ್ನು ಕನ್ನಡಿಗರೂ ಮರಾಠಿಗರೂ ಮಾಳವದವರೂ ನಮ್ಮವರೆನ್ನುತ್ತಾರೆ. ಕನ್ನಡದ ಮಂದಿರದಲ್ಲಿ ಮರಾಠಿ ಸಂಬಂಧ ತೋರಿಸಿದರೆ ನಮ್ಮ ಹಕ್ಕು ಸಡಿಲವಾದೀತೆಂಬ ಅಂಜಿಕೆ ಕೆಲವರಿಗಿದೆ. ಚರಿತ್ರೆ ಹೇಳುವುದು ಬೇರೆ. ಕರ್ನಾಟಕದ ಭಾಗವತರ ಮೇಳ 1842ರಲ್ಲಿ ಸಾಂಗಲಿಯಲ್ಲಿ ಆಡಿದ ಆಟ ನೋಡಿದ ಮೇಲೆಯೇ ಅಲ್ಲಿಯ ದೊರೆಯು ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲಿ ನಾಟಕ ಮಾಡಲು ಹೇಳಿದ್ದು. 1843ರ ‘ಸೀತಾಸ್ವಯಂವರ’ ಹುಟ್ಟಿದ್ದು ಹಾಗೆ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂದೆ ಮರಾಠಿ ಮಂಡಳಿಗಳ ಅಬ್ಬರ ಕಂಡು ಕನ್ನಡಕ್ಕೂ ಸ್ವಂತ ಕಂಪನಿ ಬೇಕೆಂದು ಗದಗಿನಲ್ಲಿ ಶಾಂತಕವಿಗಳು ಎದ್ದರು. ಕೊಟ್ಟದ್ದೂ ನಾವು, ತಕ್ಕೊಂಡದ್ದೂ ನಾವು. ಇದನ್ನು ತೋರಿಸುವ ಹಲಗೆ ಕನ್ನಡದ ಗೌರವವನ್ನು ಕೂದಲಷ್ಟೂ ಕುಗ್ಗಿಸುವುದಿಲ್ಲ.

ನಾಯಕನ ಹೆಸರು ದೊಡ್ಡದಾದಷ್ಟೂ ಅವನ ಸುತ್ತಲಿನವರು ಮರೆಯಾಗುವ ಅಪಾಯವನ್ನೂ ಎದುರಿಸಬೇಕು. ಕಾಯಿಲೆಯ ವರ್ಷಗಳಲ್ಲಿ ಕುಮಾರರನ್ನು ನೋಡಿಕೊಂಡ ಭಾನುಮತಿ, ನಂತರ ವೇದಿಕೆಯಲ್ಲಿ ಜೊತೆಗೆ ಹಾಡಿದ ವಸುಂಧರಾ ಕೊಂಕಾಳಿ ಇಲ್ಲದ ಚಿತ್ರ ಅರೆಬರೆ. ಕಂಪನಿ ನಾಟಕದಲ್ಲಿ ಪೆಟ್ಟಿಗೆ ಮಾಸ್ತರ, ಪರದೆ ಬರೆಯುವವ, ಅಡುಗೆಯವ, ಗೇಟ್ ಕಾಯುವವ ಎಲ್ಲರೂ ಸೇರಿದರೇ ಆಟ. ಸವದತ್ತಿ ತಾಲ್ಲೂಕಿನ ಏಣಗಿ ಬಾಳಪ್ಪನವರು, 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡವರು, ‘ಕಲಾವೈಭವ ನಾಟ್ಯ ಸಂಘ’ವನ್ನು ನಡೆಸಿದವರು. ಎಳೆಯ ಪ್ರಾಯದಲ್ಲಿ ಹೆಣ್ಣುಪಾತ್ರ ಮಾಡಿ, ಮುಂದೆ ಬಸವಣ್ಣನ ಪಾತ್ರದಲ್ಲಿ ಜನರ ಕೈಮುಗಿಸಿಕೊಂಡ ಅವರ ಬದುಕನ್ನು ತೋರಿಸುವುದೆಂದರೆ ಒಂದಿಡೀ ಕಂಪನಿಯ ಸಂಸಾರವನ್ನು ತೋರಿಸುವುದು. ಆ ಕಂಪನಿಗಳ ತಾಲೀಮು, ಕ್ಯಾಂಪು, ಸಾಲ, ಮಳೆಗಾಲದ ಪಾಡು ಕಂಡವರು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಮುದ್ರಿಸಿಕೊಳ್ಳುವ ಕೆಲಸ ಕುಲಗೋಡ, ಕೌಜಲಗಿಯಿಂದಲೇ ಶುರುವಾಗಲಿ. ಪಾರಿಜಾತದ ಭಾಗವತರು ಬಳಸುವ ಕೈಬರಹದ ಪ್ರತಿಗಳ ಫೋಟೊ ತೆಗೆದು ಒಂದು ನಕಲು ಬೆಳಗಾವಿಯ ಕಲಾಮಂದಿರದಲ್ಲಿ, ಒಂದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ, ಒಂದು ಆ ಊರಿನ ಶಾಲೆಯಲ್ಲಿಯೇ ಇರಲಿ.