ರಾಯಚೂರು ಸೀಮೆಗೆ ಬಾನುಲಿ ಬಂದ ಬಗೆ

ರಾಯಚೂರು ಸೀಮೆಯು 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ಆದಕಾರಣ ಇಲ್ಲಿಯ ಬಾನುಲಿಯ ಚರಿತ್ರೆಯನ್ನು ಹೈದರಾಬಾದಿನಿಂದಲೇ ಆರಂಭಿಸಬೇಕಾಗುವುದು. 1935ರಲ್ಲಿ ಅಲ್ಲಿಯ ಡೆಕ್ಕನ್ ರೇಡಿಯೋ ಸರಕಾರದ ಹತೋಟಿಯಲ್ಲಿ ನಡೆಯತೊಡಗಿತು. ಅದರಲ್ಲಿ ಉರ್ದುವಿಗೇ ಅಗ್ರಸ್ಥಾನ, ಕನ್ನಡವು ಪಾಲುಗಾರರಲ್ಲೊಂದು. ಅದೇ ವರ್ಷ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಯಂತ್ರವನ್ನು ಹೂಡಿ ಕನ್ನಡವನ್ನು ನುಡಿಸಿದರು. ಒಂದೇ ನುಡಿಯವರಿಗೆ ಒಂದೇ ವರ್ಷದಲ್ಲಿ ಒದಗಿದ ಈ ಎರಡು ಪಾಡುಗಳು ವಿಚಾರಾರ್ಹವಾಗಿವೆ.

1950ರ ಏಪ್ರಿಲಿನಲ್ಲಿ ಹೈದರಾಬಾದಿನ ನಿಲಯವು ಭಾರತ ಸರಕಾರದ ವಶವಾಯಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯವನ್ನು ಕೂಡಿತು. 1966ರಲ್ಲಿ ಕಲಬುರಗಿಯ ನಿಲಯ ಸ್ಥಾಪಿತವಾಯಿತು. ಆದರೂ ಅದು ಹಲವು ಜಿಲ್ಲೆಗಳ ಸಮಾನ ಸ್ವತ್ತು. 1984ರಲ್ಲಿ ನಾಗರಕೋಯಿಲಿನಿಂದ ಮೊದಲ್ಗೊಂಡ ಸ್ಥಳೀಯ ನಿಲಯಗಳ ಕ್ರಮವೇ ಮುಂದೆ ರಾಯಚೂರಿಗೂ ಎಫ್.ಎಂ. ನಿಲಯವನ್ನು ತಂದಿತು.

ಎಫ್.ಎಂ. ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುವು. ದೂರ ಹೋದಂತೆ ಭೂಮಿಯ ಬಾಗೇ ಅಡ್ಡಬರುವುದು. ಈ ನ್ಯೂನತೆಯು ಇಲ್ಲಿ ಗುಣವಾಗಿದೆ. ಮಾನವಿ, ದೇವದುರ್ಗಗಳು ನಗರದಿಂದ ಸುಮಾರು 50 ಕಿಲೋಮೀಟರಿನ ಆಸುಪಾಸಿನಲ್ಲಿವೆ. ಮಾನವಿಗೆ ತುಂಗಭದ್ರೆಯ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರದ ಬಲದಂಡೆ ಕಾಲುವೆ. ನೀರು ಬಿಡುವ ವಾರ್ತೆಯನ್ನು ದೂರದ ದೊಡ್ಡ ನಿಲಯವು ಎಷ್ಟೆಂದು ಹೇಳೀತು! ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು ಸಹ ಇದೇ ಸೀಮೆಯವರು. ಅವರ ಪದಗಳನ್ನು ಬಾಯಿಪಾಠವಾಗಿ ಬಲ್ಲ ಹಳ್ಳಿಯ ಮುದುಕರ ಕಂಠಗಳನ್ನು ಮುದ್ರಿಸಿಡುವ ಕೆಲಸಕ್ಕೆ ಬೆಂಗಳೂರಿಗಿಂತ ಈ ನಿಲಯವೇ ಹತ್ತಿರ.