ಚುರುಕು ಮಗುವಿನ ವಿದ್ಯಾಭ್ಯಾಸ: ತಂದೆ-ತಾಯಿಗಳು ತಿಳಿದಿರಬೇಕಾದ ಸಂಗತಿಗಳು

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬುದು ನಮ್ಮ ಹಿರಿಯರ ಮಾತು. ಆದರೆ ಮೊಳಕೆಯು ಹೆಂಟೆಯ ಅಡಿಯಲ್ಲಿ ಸಿಲುಕಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿಭೆಯು ಪಟ್ಟಣದವರ ಅಥವಾ ಉಳ್ಳವರ ಸ್ವತ್ತಲ್ಲ. ಕೂಲಿಕಾರನ ಗುಡಿಸಲಿನಲ್ಲಿಯೂ ಅದು ಹುಟ್ಟುತ್ತದೆ. ಅದನ್ನು ಗುರುತಿಸಿ, ಕಾಪಾಡಿ, ತಕ್ಕ ದಾರಿಯನ್ನು ತೋರಿಸುವುದು ತಂದೆ-ತಾಯಿಗಳಿಬ್ಬರ ಕರ್ತವ್ಯವಾಗಿದೆ.

ಗುರುತಿಸುವುದು ಹೇಗೆ?

ಪ್ರತಿಭಾವಂತ ಮಗು ಯಾವಾಗಲೂ ತರಗತಿಗೆ ಮೊದಲನೆಯದಾಗಿರಬೇಕೆಂಬ ನಿಯಮವಿಲ್ಲ. ಅದು ಏಕೆ, ಹೇಗೆ ಎಂದು ಎಡೆಬಿಡದೆ ಪ್ರಶ್ನಿಸಬಹುದು. ಸಂತೆಯ ಲೆಕ್ಕವನ್ನು ಬಾಯಿಯಲ್ಲಿಯೇ ಮಾಡಿ ಹೇಳಬಹುದು. ಒಮ್ಮೆ ಕೇಳಿದ ಕಥೆಯನ್ನು ಮರೆಯದೆ ಒಪ್ಪಿಸಬಹುದು. ಕೊಟ್ಟ ಪಾಠವನ್ನು ಬೇಗನೆ ಮುಗಿಸಿ, ಬೇಸರದಿಂದ ಪಕ್ಕದವರನ್ನು ಕೆಣಕುವುದೂ ಉಂಟು. ಇಂತಹ ಮಗುವನ್ನು 'ತುಂಟ' ಎಂದು ಹೊಡೆದು ಬಡಿದು ಸುಮ್ಮನಾಗಿಸುವುದು ತಪ್ಪು. ಉಪಾಧ್ಯಾಯರೊಡನೆ ಮಾತನಾಡಿ, ಅದಕ್ಕೆ ಹೆಚ್ಚಿನ ಓದು ಮತ್ತು ಲೆಕ್ಕಗಳನ್ನು ಕೊಡುವಂತೆ ಕೇಳಿಕೊಳ್ಳಬೇಕು.

ಮೊದಲು ಆರೋಗ್ಯ

ಶಾಲೆಯೊಂದರಲ್ಲಿ ಆರೋಗ್ಯ ತಪಾಸಣೆಗೆ ಹೋದಾಗ, ನಾಲ್ಕನೆಯ ತರಗತಿಯ ಬಾಲಕಿಯೊಬ್ಬಳನ್ನು 'ಇವಳು ದಡ್ಡಿ' ಎಂದು ನನಗೆ ತೋರಿಸಿದರು. ಬಾಯಿಯಲ್ಲಿ ಹೇಳಿದ ಲೆಕ್ಕಕ್ಕೆ ಆಕೆ ತಟ್ಟನೆ ಉತ್ತರ ಕೊಟ್ಟಳು. ಆದರೆ ಹಲಗೆಯ ಮೇಲೆ ಬರೆದುದು ಆಕೆಗೆ ಕಾಣುತ್ತಿರಲಿಲ್ಲ. ಕನ್ನಡಕ ಬಂದ ಮೇಲೆ ಆಕೆಯ ಓದಿನ ರೀತಿಯೇ ಬದಲಾಯಿತು. ದೃಷ್ಟಿದೋಷ, ಕಿವಿ ಸೋರುವಿಕೆ, ರಕ್ತಹೀನತೆ, ಜಂತುಹುಳುವಿನ ಬಾಧೆ ಇವು ಎಂತಹ ಬುದ್ಧಿಯನ್ನೂ ಮಂಕಾಗಿಸಬಲ್ಲವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡವು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಉಚಿತವಾಗಿ ಪರೀಕ್ಷಿಸುತ್ತದೆ. ಆ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳುಹಿಸಿರಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಹಾಗೂ ಜಂತುಹುಳುವಿನ ಮಾತ್ರೆಗಳನ್ನು ನಿರಾಕರಿಸಬೇಡಿರಿ. ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿರಿ.

ನವೋದಯ ವಿದ್ಯಾಲಯ

ಗ್ರಾಮೀಣ ಪ್ರತಿಭಾವಂತ ಮಕ್ಕಳಿಗಾಗಿ ಕೇಂದ್ರ ಸರ್ಕಾರವು 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಗಳಲ್ಲಿ ಈ ವಸತಿ ಶಾಲೆಗಳನ್ನು ಆರಂಭಿಸಿತು. ಈಗ ಕರ್ನಾಟಕದ ಜಿಲ್ಲೆಗಳಲ್ಲಿಯೂ ಇವು ನಡೆಯುತ್ತಿವೆ. ಐದನೆಯ ತರಗತಿಯಲ್ಲಿ ಓದುತ್ತಿರುವಾಗ ಪರೀಕ್ಷೆ ಬರೆದು, ಆರನೆಯ ತರಗತಿಗೆ ಸೇರಬೇಕು. ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಎರಡು ಗಂಟೆಗಳ ಅವಧಿಯಲ್ಲಿ 80 ಪ್ರಶ್ನೆಗಳು, 100 ಅಂಕಗಳು. ಅದರಲ್ಲಿ ಅರ್ಧ ಭಾಗ ಬುದ್ಧಿಶಕ್ತಿಗೆ, ಉಳಿದುದು ಲೆಕ್ಕ ಮತ್ತು ಭಾಷೆಗೆ. ಕನಿಷ್ಠ ಶೇಕಡಾ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಇದಕ್ಕೆ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಗ್ರಾಮೀಣ ಶಾಲೆಯಲ್ಲಿಯೇ ಓದಿರಬೇಕು. ಊಟ, ವಸತಿ, ಸಮವಸ್ತ್ರ, ಪುಸ್ತಕಗಳೆಲ್ಲವೂ ಉಚಿತ. ಅರ್ಜಿಗೆ ಶುಲ್ಕವಿಲ್ಲ. ಒಂದು ಮಗುವಿಗೆ ಒಂದೇ ಅವಕಾಶವಾದುದರಿಂದ, ಮಗು ಐದನೆಯ ತರಗತಿಗೆ ಬಂದೊಡನೆ ಮುಖ್ಯೋಪಾಧ್ಯಾಯರನ್ನು ಕಂಡು ಅರ್ಜಿಯ ಕಡೆಯ ದಿನಾಂಕವನ್ನು ತಿಳಿದುಕೊಳ್ಳಿರಿ. ಇದಲ್ಲದೆ, ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆದರ್ಶ ವಿದ್ಯಾಲಯಗಳಿಗೂ ಆರನೆಯ ತರಗತಿಗೇ ಪ್ರವೇಶ ದೊರೆಯುತ್ತದೆ.

ಹೆಣ್ಣು ಮಗು

'ಹೆಣ್ಣುಮಗೂನ ಹಾಸ್ಟೆಲಿಗೆ ಹೇಗೆ ಕಳಿಸೋದು ಡಾಕ್ಟ್ರೇ? ಚಿಕ್ಕದನ್ನ ನೋಡ್ಕೊಳ್ಳೋರು ಯಾರು?' ಎಂದು ತಾಯಂದಿರು ಕೇಳುವುದುಂಟು. ಆ ಚಿಂತೆ ಸಹಜವಾದುದೇ. ಆದರೆ ನವೋದಯದಲ್ಲಿ ಮೂರನೆಯ ಒಂದು ಭಾಗ ಸ್ಥಾನಗಳು ಹೆಣ್ಣು ಮಕ್ಕಳಿಗಾಗಿಯೇ ಇವೆ. ಅವರಿಗೆ ಪ್ರತ್ಯೇಕ ವಸತಿ ಉಂಟು. ಗಂಡ-ಹೆಂಡಿರು ಒಮ್ಮೆ ಶಾಲೆಗೆ ಹೋಗಿ, ಕಣ್ಣಾರೆ ಕಂಡು ನಿರ್ಧರಿಸಿರಿ. ತಮ್ಮ-ತಂಗಿಯರನ್ನು ಎತ್ತಿಕೊಳ್ಳುವುದರಲ್ಲಿಯೇ ಹಿರಿಯ ಮಗಳ ಓದು ಮುಗಿದುಹೋಗಬಾರದು. ಮಕ್ಕಳ ನಡುವೆ ಕನಿಷ್ಠ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ಆರೋಗ್ಯವೂ ಉಳಿಯುತ್ತದೆ, ಪ್ರತಿಯೊಂದು ಮಗುವಿಗೂ ಆರೈಕೆ ದೊರೆಯುತ್ತದೆ. ಇದಕ್ಕೆ ಬೇಕಾದ ಸಲಹೆ ಮತ್ತು ಸಾಧನಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಕಾಯಿದೆಯಂತೆ ಅಪರಾಧವೆಂಬುದನ್ನೂ ಮರೆಯಬಾರದು.

ಆಯ್ಕೆಯಾಗದಿದ್ದರೆ?

ಒಂದು ವಿದ್ಯಾಲಯದಲ್ಲಿ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳಿಗೆ ಸ್ಥಾನ. ಬರೆಯುವವರಾದರೋ ಬಹಳ ಮಂದಿ. ಆದುದರಿಂದ ಚುರುಕಾದ ಮಗುವಿಗೂ ಸ್ಥಾನ ಸಿಗದಿರಬಹುದು. ಆಗ 'ನಮ್ಮ ಮಾನ ಕಳೆದೆ' ಎಂದು ಹತ್ತು ವರ್ಷದ ಮಗುವನ್ನು ಜರೆಯಬೇಡಿರಿ. ಅಣ್ಣನೊಡನೆ, ನೆರೆಮನೆಯವರೊಡನೆ ಹೋಲಿಸಬೇಡಿರಿ. ಪರೀಕ್ಷೆಗೆಂದು ನಿದ್ದೆಗೆಡಿಸುವುದೂ, ಆಟವನ್ನು ತಪ್ಪಿಸುವುದೂ ಹಾನಿಕರ. ಊರಿನ ಶಾಲೆಯಲ್ಲಿ ಓದಿ ಮುಂದೆ ಬಂದವರು ಅನೇಕರಿದ್ದಾರೆ. ಸರ್ಕಾರಿ ಶಾಲೆಯಲ್ಲಿಯೇ ಮುಂದುವರಿದ ಬಡ ಮಕ್ಕಳು ಎಂಟನೆಯ ತರಗತಿಯಲ್ಲಿ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆಗೆ ಕುಳಿತುಕೊಳ್ಳಬಹುದು.

ದಿನಕ್ಕೆ ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು, ಅದು ಓದುವುದನ್ನು ಕೇಳಿರಿ. ನಿಮಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ. ತನ್ನ ಮಾತಿಗೆ ಕಿವಿಗೊಡುವ ಹೆತ್ತವರಿದ್ದಾರೆಂಬ ಧೈರ್ಯದಿಂದಲೇ ಮಗುವಿನ ಬುದ್ಧಿ ಅರಳುತ್ತದೆ.